ಒಬ್ಬ ಬ್ಯಾಂಡ್ ಮೇಷ್ಟ್ರ ಮೂರು ದಶಕ: ಶಿಕಾಗೋದ ಕ್ಯಾಪ್ಟನ್ ವಾಲ್ಟರ್ ಡಯೆಟ್ ಪ್ರಕರಣ

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಬ್ಯಾಂಡ್ ಒಂದು ಪಾಠದ ವಿಷಯ. ಗಣಿತ, ವಿಜ್ಞಾನಗಳಂತೆ ಅದಕ್ಕೂ ವೇಳಾಪಟ್ಟಿಯಲ್ಲಿ ಪೀರಿಯಡ್ ಇರುತ್ತದೆ, ಅಂಕಗಳಿರುತ್ತವೆ, ಅದನ್ನೇ ಕಲಿಸಲು ನೇಮಕಗೊಂಡ ಶಿಕ್ಷಕರಿರುತ್ತಾರೆ. ಸಾಮಾನ್ಯವಾಗಿ ಮಗು ಐದನೆಯ ಅಥವಾ ಆರನೆಯ ತರಗತಿಯಲ್ಲಿ ಮೊದಲ ಬಾರಿ ವಾದ್ಯವನ್ನು ಕೈಗೆತ್ತಿಕೊಳ್ಳುತ್ತದೆ. ಮಾಧ್ಯಮಿಕ ಶಾಲೆಯ ಮೂರು ವರ್ಷಗಳಲ್ಲಿ ಉಸಿರು ಹಿಡಿಯುವುದನ್ನು, ತುಟಿ ಬಿಗಿಯುವುದನ್ನು, ಐದು ಗೆರೆಗಳ ಮೇಲಿನ ಸ್ವರಲಿಪಿ ಓದುವುದನ್ನು, ಮುಖ್ಯವಾಗಿ ಪಕ್ಕದವರನ್ನು ಕೇಳಿಸಿಕೊಂಡು ನುಡಿಸುವುದನ್ನು ಕಲಿಯುತ್ತದೆ. ಪ್ರೌಢಶಾಲೆಯ ಬ್ಯಾಂಡ್ ನಿರ್ದೇಶಕರು ಪಡೆಯುವ ಕೀರ್ತಿಯ ದೊಡ್ಡ ಪಾಲು ಹೀಗೆ ಕೆಳಗಿನ ತರಗತಿಗಳಲ್ಲಿ ಯಾರೋ ಮಾಡಿಟ್ಟ ಕೆಲಸದ ಫಲ. ಆದ್ದರಿಂದ ಆ ಆರಂಭದ ಹಂತವೇ ಇಲ್ಲವಾದಾಗ ಏನಾಗುತ್ತದೆ, ಅದನ್ನು ಒಬ್ಬ ಶಿಕ್ಷಕ ತನ್ನ ಹೆಗಲಿಗೆ ಎತ್ತಿಕೊಂಡರೆ ಏನು ಸಾಧ್ಯ, ಆ ಸಾಧನೆಯ ಮಿತಿ ಎಲ್ಲಿದೆ ಎಂಬುದನ್ನು ಪರಿಶೀಲಿಸಲು ಶಿಕಾಗೋ ನಗರದ ಡುಸಾಬಲ್ ಪ್ರೌಢಶಾಲೆಯ ಸಂಗೀತ ಶಿಕ್ಷಕ ವಾಲ್ಟರ್ ಹೆನ್ರಿ ಡಯೆಟ್ ಅವರ ವೃತ್ತಿಜೀವನವನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಡಯೆಟ್ ಕುರಿತು ಬರೆಯುವವರು ಸಾಮಾನ್ಯವಾಗಿ ಅವರ ಪ್ರಸಿದ್ಧ ಶಿಷ್ಯರ ಪಟ್ಟಿಯಿಂದ ಆರಂಭಿಸಿ ಅಲ್ಲಿಯೇ ಮುಗಿಸುತ್ತಾರೆ. ಆ ಪಟ್ಟಿ ದೊಡ್ಡದು, ನಿಜ. ಆದರೆ ಶಿಕ್ಷಣದ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳದ್ದು ಶಾಲೆಯ ವಾದ್ಯಗಳ ಕೋಣೆಯ ಬಾಗಿಲಲ್ಲಿ ನಿಂತು ಯಾವ ಮಗುವಿಗೆ ಯಾವ ವಾದ್ಯ ಎಂದು ಅವರು ತೆಗೆದುಕೊಳ್ಳುತ್ತಿದ್ದ ತೀರ್ಮಾನ ಎಂಬುದು ನನ್ನ ಅಭಿಪ್ರಾಯ.

ನಗರ ಮತ್ತು ಶಾಲೆ

1910ರಲ್ಲಿ ಶಿಕಾಗೋದಲ್ಲಿದ್ದ ಕಪ್ಪು ಜನರ ಸಂಖ್ಯೆ ಸುಮಾರು 44,000. ದಕ್ಷಿಣದ ರಾಜ್ಯಗಳ ಹತ್ತಿಯ ಹೊಲಗಳನ್ನೂ ಅಲ್ಲಿನ ಹಿಂಸೆಯನ್ನೂ ಬಿಟ್ಟು ಉತ್ತರದ ಕೈಗಾರಿಕಾ ನಗರಗಳಿಗೆ ಹೊರಟ ಮಹಾವಲಸೆಯಿಂದಾಗಿ 1930ರ ಹೊತ್ತಿಗೆ ಅದು 2,33,000 ದಾಟಿತು, 1950ರಲ್ಲಿ 4,92,000ಕ್ಕೆ ಏರಿತು. ಬಂದವರೆಲ್ಲರೂ ನಗರದ ದಕ್ಷಿಣ ಭಾಗದ ಒಂದು ಕಿರಿದಾದ ಪಟ್ಟಿಯಲ್ಲಿಯೇ ನೆಲೆಸಬೇಕಾಯಿತು. ಏಕೆಂದರೆ ಕಪ್ಪು ಜನರಿಗೆ ಮನೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂದು ಬಿಳಿಯ ಮಾಲೀಕರು ಬರೆದುಕೊಂಡಿದ್ದ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಬಾರದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು 1948ರಲ್ಲಿ. ಬ್ರಾಂಜ್‌ವಿಲ್ ಎಂದು ಕರೆಯಲಾಗುತ್ತಿದ್ದ ಈ ಪ್ರದೇಶದಲ್ಲಿ ವೈದ್ಯರ ಮಕ್ಕಳೂ ಕಸಾಯಿಖಾನೆಯ ಕೂಲಿಗಳ ಮಕ್ಕಳೂ ಒಂದೇ ಬೀದಿಯಲ್ಲಿದ್ದರು, ಒಂದೇ ಶಾಲೆಗೆ ಹೋಗುತ್ತಿದ್ದರು. ಸವಾಯ್ ನೃತ್ಯಮಂದಿರ, ರೀಗಲ್ ಥಿಯೇಟರುಗಳಿದ್ದ 47ನೆಯ ಬೀದಿ ಆ ಮಕ್ಕಳಿಗೆ ನಡೆದು ಹೋಗುವಷ್ಟು ದೂರದಲ್ಲಿತ್ತು. ಪ್ರತ್ಯೇಕತೆಯ ಅನ್ಯಾಯವೇ ಒಂದು ಶಾಲೆಯಲ್ಲಿ ಇಷ್ಟೊಂದು ಪ್ರತಿಭೆ ಒಟ್ಟುಗೂಡಲು ಕಾರಣವಾಯಿತು ಎಂಬುದನ್ನು ಈ ಪ್ರಕರಣವನ್ನು ಓದುವವರು ಆರಂಭದಲ್ಲಿಯೇ ಗಮನಿಸಬೇಕು. ಇಲ್ಲವಾದರೆ ಎಲ್ಲವನ್ನೂ ಒಬ್ಬ ವ್ಯಕ್ತಿಯ ಪವಾಡವೆಂದು ಬಗೆಯುವ ಅಪಾಯವಿದೆ.

ಈ ಪ್ರದೇಶದ ಹಳೆಯ ಪ್ರೌಢಶಾಲೆ ವೆಂಡೆಲ್ ಫಿಲಿಪ್ಸ್. ಅಲ್ಲಿ ಡಯೆಟ್ ಅವರಿಗಿಂತ ಮೊದಲು ಬ್ಯಾಂಡ್ ಕಟ್ಟಿದವರು ಮೇಜರ್ ಎನ್. ಕ್ಲಾರ್ಕ್ ಸ್ಮಿತ್. ಟಸ್ಕೀಗಿ ಸಂಸ್ಥೆಯಲ್ಲಿಯೂ ಕಾನ್ಸಾಸ್ ಸಿಟಿಯ ಲಿಂಕನ್ ಪ್ರೌಢಶಾಲೆಯಲ್ಲಿಯೂ ಕಲಿಸಿ ಬಂದಿದ್ದ ಅವರು ಸೈನ್ಯದ ಶಿಸ್ತನ್ನು ಶಾಲೆಯ ಸಂಗೀತಕ್ಕೆ ತಂದವರು; ಶಿಕಾಗೋ ಡಿಫೆಂಡರ್ ಪತ್ರಿಕೆಯ ಪೇಪರ್ ಹಾಕುವ ಹುಡುಗರ ಬ್ಯಾಂಡಿನಲ್ಲಿ ಮುಂದೆ ಜಾಝ್ ತಂಡದ ನಾಯಕರಾದ ಲಯೊನೆಲ್ ಹ್ಯಾಂಪ್ಟನ್ ಸ್ಮಿತ್ ಅವರ ಬಳಿ ಕಲಿತಿದ್ದರು. ಅಂದರೆ 1931ರಲ್ಲಿ ಡಯೆಟ್ ಫಿಲಿಪ್ಸ್ ಶಾಲೆಗೆ ಬಂದಾಗ ಅಲ್ಲಿ ಒಂದು ಪರಂಪರೆ ಆಗಲೇ ಇತ್ತು. ಮುಂದೆ 49ನೆಯ ಬೀದಿಯ ಹತ್ತಿರ, ವಬಾಷ್ ರಸ್ತೆಯಲ್ಲಿ ಹೊಸ ಕಟ್ಟಡ ಎದ್ದು 1935ರಲ್ಲಿ ಶಾಲೆ ತೆರೆಯಿತು. ಮರುವರ್ಷ ಅದಕ್ಕೆ ಶಿಕಾಗೋದ ಮೊದಲ ನೆಲೆಗಾರನೆಂದು ಹೆಸರಾದ, ಆಫ್ರಿಕನ್ ಮೂಲದ ವ್ಯಾಪಾರಿ ಜಾನ್ ಬ್ಯಾಪ್ಟಿಸ್ಟ್ ಪಾಯಿಂಟ್ ಡುಸಾಬಲ್ ಅವರ ಹೆಸರನ್ನಿಟ್ಟರು. ಡಯೆಟ್ ಈ ಹೊಸ ಶಾಲೆಗೆ ಬಂದು 1960ರ ದಶಕದ ಆರಂಭದವರೆಗೂ ಅಲ್ಲಿಯೇ ಕಲಿಸಿದರು.

ಇದರ ನಡುವೆ ನಡೆದ ಒಂದು ಆಡಳಿತಾತ್ಮಕ ನಿರ್ಧಾರ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದದ್ದು. ಆರ್ಥಿಕ ಮಹಾಕುಸಿತದಿಂದ ಶಿಕಾಗೋದ ಶಿಕ್ಷಣ ಮಂಡಳಿ ದಿವಾಳಿಯ ಅಂಚಿಗೆ ಬಂದಿತ್ತು. ಶಿಕ್ಷಕರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ, ಕೆಲವೊಮ್ಮೆ ನಗದಿನ ಬದಲು ಮುಂದೆ ಹಣವಾಗಬಹುದೆಂಬ ಭರವಸೆಯ ಚೀಟಿಗಳನ್ನು ಕೊಡಲಾಗುತ್ತಿತ್ತು. 1933ರ ಜುಲೈನಲ್ಲಿ ಮಂಡಳಿ ಖರ್ಚು ಕಡಿತಕ್ಕೆಂದು ಸುಮಾರು 1,400 ಶಿಕ್ಷಕರನ್ನು ತೆಗೆದುಹಾಕಿತು, ನಗರದ ಎಲ್ಲ ಕಿರಿಯ ಪ್ರೌಢಶಾಲೆಗಳನ್ನು, ಅಂದರೆ ಇಂದು ನಾವು ಮಾಧ್ಯಮಿಕ ಶಾಲೆ ಎನ್ನುವ ಹಂತವನ್ನೇ, ರದ್ದು ಮಾಡಿತು. ಎಂಟನೆಯ ತರಗತಿಯವರೆಗಿನ ಪ್ರಾಥಮಿಕ ಶಾಲೆ, ಅದರ ಮೇಲೆ ನಾಲ್ಕು ವರ್ಷಗಳ ಪ್ರೌಢಶಾಲೆ ಎಂಬ ಹಳೆಯ ಪದ್ಧತಿಗೆ ನಗರ ಹಿಂದಿರುಗಿತು. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಮಗುವಿನ ಕೈಗೆ ಕ್ಲಾರಿನೆಟ್ ಕೊಟ್ಟು ಮೂರು ವರ್ಷ ತಾಳ್ಮೆಯಿಂದ ಕಾಯಬೇಕಾದ ಜಾಗ ಹೀಗೆ ಇಲ್ಲವಾಯಿತು. ಹದಿನಾಲ್ಕು ವರ್ಷದ, ಸ್ವರಲಿಪಿಯ ಪರಿಚಯವೇ ಇಲ್ಲದ ಮಕ್ಕಳನ್ನು ತೆಗೆದುಕೊಂಡು ನಾಲ್ಕೇ ವರ್ಷಗಳಲ್ಲಿ ಅವರನ್ನು ಸಂಗೀತಗಾರರನ್ನಾಗಿ ಮಾಡುವ, ಎರಡು ಶಾಲೆಗಳ ಕೆಲಸವನ್ನು ಒಂದರಲ್ಲಿಯೇ ಮುಗಿಸುವ ಹೊಣೆ ಪ್ರೌಢಶಾಲೆಯ ಬ್ಯಾಂಡ್ ಮೇಷ್ಟ್ರ ಮೇಲೆ ಬಿತ್ತು.

ಡಯೆಟ್ ಅವರ ಹಿನ್ನೆಲೆ

ಅವರು ಹುಟ್ಟಿದ್ದು 1901ರ ಜನವರಿಯಲ್ಲಿ, ಮಿಸೌರಿ ರಾಜ್ಯದ ಸೇಂಟ್ ಜೋಸೆಫ್ ಊರಿನಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಪಿಟೀಲು ಅವರ ಮೊದಲ ವಾದ್ಯ. ಬರ್ಕ್ಲಿಯಲ್ಲಿ ವೈದ್ಯಕೀಯಕ್ಕೆ ಪೂರ್ವಭಾವಿಯಾದ ವಿಷಯಗಳನ್ನು ಓದಿ, ವೈದ್ಯರಾಗಬೇಕೆಂದೇ 1920ರ ದಶಕದ ಆರಂಭದಲ್ಲಿ ಶಿಕಾಗೋಗೆ ಬಂದರು. ಹೊಟ್ಟೆಪಾಡು ಅವರನ್ನು ಥಿಯೇಟರಿನ ವಾದ್ಯವೃಂದಕ್ಕೆ ತಂದಿತು. ಆಗ ಮೂಕಿ ಚಿತ್ರಗಳ ಕಾಲ. ಪರದೆಯ ಮುಂದೆ ಕುಳಿತು ಚಿತ್ರಕ್ಕೆ ಸಂಗೀತ ಒದಗಿಸುವ ತಂಡಗಳಲ್ಲಿ ಸ್ಟೇಟ್ ಬೀದಿಯ ವೆಂಡೋಮ್ ಥಿಯೇಟರಿನ ಅರ್ಸ್ಕಿನ್ ಟೇಟ್ ಅವರ ತಂಡ ಹೆಸರಾಂತದ್ದು, ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ಅಲ್ಲಿ ನುಡಿಸಿದ್ದರು. ಡಯೆಟ್ ಆ ತಂಡದಲ್ಲಿ ಪಿಟೀಲು ನುಡಿಸಿದರು, ಮುಂದೆ ಮತ್ತೊಂದು ಥಿಯೇಟರಿನಲ್ಲಿ ತಾವೇ ವಾದ್ಯವೃಂದ ನಡೆಸಿದರು. ಕಪ್ಪು ಸೈನಿಕರ ಎಂಟನೆಯ ಪದಾತಿ ದಳದ ಬ್ಯಾಂಡನ್ನು ನಿರ್ದೇಶಿಸಿದ್ದರಿಂದ ‘ಕ್ಯಾಪ್ಟನ್’ ಎಂಬ ಪದವಿ ಅವರ ಹೆಸರಿಗೆ ಅಂಟಿಕೊಂಡಿತು. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಕ್ಯಾಪ್’ ಆಯಿತು.

1927ರ ನಂತರ ಮಾತಿನ ಚಿತ್ರಗಳು ಬಂದು ಥಿಯೇಟರುಗಳ ವಾದ್ಯವೃಂದಗಳು ಒಂದೊಂದಾಗಿ ಮುಚ್ಚಿದವು. ಡಯೆಟ್ ಶಾಲೆಗೆ ಬಂದದ್ದು ಇದೇ ಅವಧಿಯಲ್ಲಿ. ಈ ಹಿನ್ನೆಲೆ ಅವರ ಬೋಧನೆಗೆ ಒಂದು ನಿರ್ದಿಷ್ಟ ಗುಣವನ್ನು ಕೊಟ್ಟಿತು. ಸಂಜೆಯ ಪ್ರದರ್ಶನಕ್ಕೆ ಮಧ್ಯಾಹ್ನ ಕೈಗೆ ಸಿಕ್ಕ ಸ್ವರಲಿಪಿಯನ್ನು ತಪ್ಪಿಲ್ಲದೆ ಓದಿ ನುಡಿಸಬಲ್ಲವರಿಗೆ ಮಾತ್ರ ಆ ಲೋಕದಲ್ಲಿ ಅನ್ನವಿತ್ತು ಎಂಬುದನ್ನು ಅವರು ತಾವೇ ಅನುಭವಿಸಿದ್ದರು. ಆದ್ದರಿಂದಲೇ ನೋಡಿದೊಡನೆ ಓದಿ ನುಡಿಸುವ ಕೌಶಲ, ಹೊತ್ತಿಗೆ ಸರಿಯಾಗಿ ಬರುವುದು, ಉಡುಪಿನ ಅಚ್ಚುಕಟ್ಟುತನ ಇವು ಅವರ ತರಗತಿಯಲ್ಲಿ ಸಂಗೀತದಷ್ಟೇ ತೂಕ ಪಡೆದಿದ್ದವು. ಕೆಲಸಕ್ಕೆ ಸೇರಿದ ಮೇಲೆಯೂ ಅವರು ಓದು ನಿಲ್ಲಿಸಲಿಲ್ಲ. ಬ್ಯಾಂಡ್ ಶಿಕ್ಷಕರ ತರಬೇತಿಗೆಂದೇ ಇದ್ದ ಶಿಕಾಗೋದ ವ್ಯಾಂಡರ್‌ಕುಕ್ ಸಂಗೀತ ಶಾಲೆಯಿಂದ 1938ರಲ್ಲಿ ಪದವಿ ಪಡೆದರು, 1942ರಲ್ಲಿ ಶಿಕಾಗೋ ಮ್ಯೂಸಿಕಲ್ ಕಾಲೇಜಿನಿಂದ ಸ್ನಾತಕೋತ್ತರ ಪದವಿ ಪಡೆದರು. ತರಗತಿಯಲ್ಲಿ ವರ್ಷಗಟ್ಟಲೆ ಯಶಸ್ವಿಯಾಗಿ ಕಲಿಸುತ್ತಿದ್ದ ನಲವತ್ತರ ಆಸುಪಾಸಿನ ಮನುಷ್ಯ ಕಲಿಸುವುದನ್ನೇ ಕಲಿಯಲು ಮತ್ತೆ ವಿದ್ಯಾರ್ಥಿಯಾಗಿ ಕುಳಿತದ್ದು ಗೌರವ ಹುಟ್ಟಿಸುವ ಸಂಗತಿ.

ವಾದ್ಯ ಹಂಚುವ ಕೆಲಸ

ಬ್ಯಾಂಡ್ ಮೇಷ್ಟ್ರ ವರ್ಷ ಆರಂಭವಾಗುವುದು ಒಂದು ಕಠಿಣ ಲೆಕ್ಕದಿಂದ. ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಟ್ರಂಪೆಟ್, ಸ್ಯಾಕ್ಸೋಫೋನ್ ಅಥವಾ ಡ್ರಮ್. ಬ್ಯಾಂಡಿಗೆ ಬೇಕಾದದ್ದು ಸಾಲುಸಾಲು ಕ್ಲಾರಿನೆಟ್, ಒಂದೆರಡು ಓಬೋ, ಬಸ್ಸೂನ್, ಫ್ರೆಂಚ್ ಹಾರ್ನ್, ಟ್ರಾಂಬೋನ್, ಟ್ಯೂಬಾ. ಶಾಲೆಯಲ್ಲಿ ಇರುವ ವಾದ್ಯಗಳ ಪಟ್ಟಿ ಇವೆರಡಕ್ಕೂ ಹೊಂದದ ಮೂರನೆಯದು. ಮನೆಯಲ್ಲಿ ವಾದ್ಯ ಕೊಳ್ಳಲು ಹಣವಿದೆಯೇ ಎಂಬುದು ಇದರ ಮೇಲೆ ಮತ್ತೊಂದು ಪ್ರಶ್ನೆ. ಈ ನಾಲ್ಕನ್ನೂ ಹೊಂದಿಸುವಾಗ ಮಗುವಿನ ಆಸೆ ಬಾಡದಂತೆ ನೋಡಿಕೊಳ್ಳುವುದೇ ಈ ವೃತ್ತಿಯ ಅತ್ಯಂತ ಸೂಕ್ಷ್ಮ ಭಾಗ. ಡಯೆಟ್ ಅವರ ಶಿಷ್ಯರು ಮುಂದೆ ಹೇಳಿಕೊಂಡ ಬಾಲ್ಯದ ನೆನಪುಗಳಲ್ಲಿ ಈ ಕ್ಷಣ ಮತ್ತೆ ಮತ್ತೆ ಬರುತ್ತದೆ.

ಜಾನಿ ಗ್ರಿಫಿನ್ ಹುಟ್ಟಿದ್ದು 1928ರಲ್ಲಿ. ಪ್ರಾಥಮಿಕ ಶಾಲೆ ಮುಗಿಸಿದ ಸಮಾರಂಭದಲ್ಲಿ ಕಿಂಗ್ ಕೊಲಾಕ್ಸ್ ತಂಡದೊಂದಿಗೆ ಬಂದಿದ್ದ ಜೀನ್ ಆಮನ್ಸ್ ಟೆನರ್ ಸ್ಯಾಕ್ಸೋಫೋನ್ ನುಡಿಸುವುದನ್ನು ಕೇಳಿ, ತನಗೂ ಅದೇ ಬೇಕೆಂದು ನಿಶ್ಚಯಿಸಿಕೊಂಡು ಡುಸಾಬಲ್ ಶಾಲೆಗೆ ಸೇರಿದ ಹುಡುಗ ಅವನು. ಆಮನ್ಸ್ ಸ್ವತಃ ಡಯೆಟ್ ಅವರ ಶಿಷ್ಯ ಎಂಬುದನ್ನು ಇಲ್ಲಿ ಸೇರಿಸಬೇಕು. ಡಯೆಟ್ ಗ್ರಿಫಿನ್ ಕೈಗೆ ಕೊಟ್ಟದ್ದು ಕ್ಲಾರಿನೆಟ್. ಅದಾದ ಮೇಲೆ ಓಬೋ, ಇಂಗ್ಲಿಷ್ ಹಾರ್ನ್. ಕೊನೆಗೆ ಆಲ್ಟೋ ಸ್ಯಾಕ್ಸೋಫೋನ್. ಟೆನರ್ ಮಾತ್ರ ಕೊಡಲಿಲ್ಲ.

ಇದನ್ನು ಮೇಷ್ಟ್ರ ಹಟವೆಂದು ಓದುವುದು ಸುಲಭ. ವಾದ್ಯಗಳ ರಚನೆಯನ್ನು ಗಮನಿಸಿದರೆ ಇದರ ಹಿಂದಿನ ತರ್ಕ ಕಾಣುತ್ತದೆ. ಕದ್ರಿ ಗೋಪಾಲನಾಥರಿಂದಾಗಿ ಕನ್ನಡಿಗರಿಗೆ ಚೆನ್ನಾಗಿ ಪರಿಚಿತವಾದ ಸ್ಯಾಕ್ಸೋಫೋನಿನಲ್ಲಿ ರಂಧ್ರಗಳನ್ನು ಮುಚ್ಚುವುದು ಮೆತ್ತೆ ಹಚ್ಚಿದ ಕೀಲಿಗಳು. ಬೆರಳು ಸ್ವಲ್ಪ ಅತ್ತಿತ್ತ ಜರುಗಿದರೂ ಸ್ವರ ಕೆಡುವುದಿಲ್ಲ. ಹೆಬ್ಬೆರಳಿನ ಕೀಲಿ ಒತ್ತಿದರೆ ಅದೇ ಬೆರಳಿನ ವಿನ್ಯಾಸದಲ್ಲಿ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ. ಕ್ಲಾರಿನೆಟ್ ಇಷ್ಟು ಕರುಣಾಳುವಲ್ಲ. ಅದರ ಹಲವು ರಂಧ್ರಗಳನ್ನು ಬೆರಳಿನ ತುದಿಯೇ ಪೂರ್ತಿ ಮುಚ್ಚಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಕೀಚಲು ದನಿ ಹೊರಡುತ್ತದೆ. ಅದರ ಕೊಳವೆ ಉದ್ದಕ್ಕೂ ಒಂದೇ ಅಗಲದ್ದಾದ್ದರಿಂದ ಮೇಲಿನ ಕೀಲಿ ಒತ್ತಿದಾಗ ಸ್ವರ ಒಂದು ಸ್ಥಾಯಿಗೆ ನಿಲ್ಲದೆ ಹನ್ನೆರಡನೆಯ ಸ್ವರಕ್ಕೆ ನೆಗೆಯುತ್ತದೆ, ಹಾಗಾಗಿ ಕೆಳಗಿನ ಭಾಗಕ್ಕೆ ಕಲಿತ ಬೆರಳಿನ ವಿನ್ಯಾಸ ಮೇಲಿನ ಭಾಗದಲ್ಲಿ ಬೇರೆ ಸ್ವರದ ಹೆಸರನ್ನು ಪಡೆಯುತ್ತದೆ. ಎರಡು ಭಾಗಗಳ ನಡುವಿನ ಗಡಿಯಲ್ಲಿ ಬಹುತೇಕ ತೆರೆದ ಕೈಯಿಂದ ಒಂದೇ ಕ್ಷಣದಲ್ಲಿ ಎಲ್ಲ ಬೆರಳುಗಳನ್ನೂ ಮುಚ್ಚಬೇಕು. ಆರಂಭದ ಕ್ಲಾರಿನೆಟ್ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕಣ್ಣೀರು ಹಾಕುವ ಜಾಗ ಅದು. ಅದನ್ನು ದಾಟಿದವರಿಗೆ ಸ್ಯಾಕ್ಸೋಫೋನ್ ಕೆಲವು ವಾರಗಳಲ್ಲಿ ಒಗ್ಗುತ್ತದೆ. ಸ್ಯಾಕ್ಸೋಫೋನಿನಿಂದ ಆರಂಭಿಸಿದವರಿಗೆ ಕ್ಲಾರಿನೆಟ್ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ಅದರ ಮೇಲೆ ಓಬೋ ಕಲಿತರೆ ಇಕ್ಕಟ್ಟಾದ ಜೋಡಿ ಪೀಪಿಯೊಳಗೆ ಉಸಿರನ್ನು ತಡೆದು ತಡೆದು ಬಿಡುವ ಹಿಡಿತ ಬರುತ್ತದೆ.

1945ರಲ್ಲಿ ಶಾಲೆ ಮುಗಿದ ಕೆಲವೇ ದಿನಗಳಲ್ಲಿ ಗ್ರಿಫಿನ್ ಲಯೊನೆಲ್ ಹ್ಯಾಂಪ್ಟನ್ ಅವರ ತಂಡಕ್ಕೆ ಆಲ್ಟೋ ನುಡಿಸಲು ಸೇರಿದ. ಸೇರಿದೊಡನೆ ಟೆನರ್ ನುಡಿಸಬೇಕೆಂದು ಅವನಿಗೆ ಹೇಳಲಾಯಿತು. ನುಡಿಸಿದ. ಮುಂದೆ ಜಾಝ್ ಲೋಕದ ಅತ್ಯಂತ ವೇಗದ ಟೆನರ್ ವಾದಕರಲ್ಲಿ ಒಬ್ಬನೆಂದು ಹೆಸರು ಪಡೆದವನ ಬೆರಳುಗಳು ತಯಾರಾದದ್ದು ಅವನು ಕೇಳದೇ ಇದ್ದ ವಾದ್ಯಗಳ ಮೇಲೆ.

ಎಲ್ಲ ಹಂಚಿಕೆಯ ಹಿಂದೆಯೂ ಇಂಥ ಬೋಧನಾ ತರ್ಕವಿತ್ತೆಂದು ಹೇಳಲಾಗದು. ಎಷ್ಟೋ ಸಲ ಬಡತನವೇ ತೀರ್ಮಾನ ಮಾಡುತ್ತಿತ್ತು. 1937ರಲ್ಲಿ ಹುಟ್ಟಿದ ಜೋಸೆಫ್ ಜಾರ್ಮನ್‌ಗೆ ಟ್ರಂಪೆಟ್ ಬೇಕಿತ್ತು, ಕೊಳ್ಳುವ ಶಕ್ತಿ ಮನೆಯಲ್ಲಿರಲಿಲ್ಲ. ಡ್ರಮ್ ವಿಭಾಗಕ್ಕೆ ಸೇರಲು ಒಂದು ಜೊತೆ ಕೋಲು ಸಾಕಾಗಿತ್ತು, ಅವನು ಅಲ್ಲಿಗೆ ಹೋದ. ಶಾಲೆ ಮುಗಿಸುವ ಮೊದಲೇ ಸೈನ್ಯ ಸೇರಿ ಅಲ್ಲಿ ಸ್ಯಾಕ್ಸೋಫೋನ್ ಹಿಡಿದು, ಕೊನೆಗೆ ಆರ್ಟ್ ಆನ್ಸಾಂಬಲ್ ಆಫ್ ಶಿಕಾಗೋ ತಂಡದ ಸದಸ್ಯನಾದ. ಫ್ರೆಡ್ ಹಾಪ್ಕಿನ್ಸ್ ಚೆಲ್ಲೋ ಕಲಿಯಬೇಕೆಂದು ಬಂದಾಗ ಶಾಲೆಯಲ್ಲಿ ಚೆಲ್ಲೋ ಇರಲಿಲ್ಲ. ಸಿಕ್ಕಿದ್ದು ಡಬಲ್ ಬಾಸ್, ಅದರಲ್ಲಿಯೇ ಅವನು ದೊಡ್ಡ ಕಲಾವಿದನಾದ. ಲೆರಾಯ್ ಜೆಂಕಿನ್ಸ್ ಚರ್ಚಿನಲ್ಲಿ ಪಿಟೀಲು ನುಡಿಸಿ ಬೆಳೆದವನು. ಡುಸಾಬಲ್ ಬ್ಯಾಂಡಿನಲ್ಲಿ ಕ್ಲಾರಿನೆಟ್, ಆಲ್ಟೋ ಸ್ಯಾಕ್ಸೋಫೋನ್, ಬಸ್ಸೂನ್ ನುಡಿಸಿದ, ಬಸ್ಸೂನ್ ಬಲದಿಂದಲೇ ಫ್ಲೋರಿಡಾದ ಕಾಲೇಜಿಗೆ ಹೋಗಿ, ಅಲ್ಲಿ ಮತ್ತೆ ಪಿಟೀಲಿಗೆ ಮರಳಿದ. ರಿಚರ್ಡ್ ಡೇವಿಸ್ ನಾಚಿಕೆಯ ಹುಡುಗ; ಡಬಲ್ ಬಾಸ್ ಹಿಂದಿನ ಸಾಲಿನಲ್ಲಿ ನಿಲ್ಲುವ ವಾದ್ಯವಾದ್ದರಿಂದಲೇ ಅದನ್ನು ಇಷ್ಟಪಟ್ಟದ್ದಾಗಿ ಅವರು ಹೇಳಿಕೊಂಡಿದ್ದಾರೆ.

ಈ ಐದು ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಮಗು ಕೇಳಿದ ವಾದ್ಯ ಸಿಗದಿದ್ದಾಗಲೂ ಅದನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸದೆ ಯಾವುದಾದರೊಂದು ಸಾಲಿನಲ್ಲಿ ಕೂರಿಸಿಕೊಳ್ಳುವುದು ಆ ಕೋಣೆಯ ಪದ್ಧತಿಯಾಗಿತ್ತು. ವಾದ್ಯ ಬದಲಾಗಬಹುದು, ಮುಂದೆ ಬದಲಾಯಿತು ಕೂಡ. ಸ್ವರಲಿಪಿ ಓದುವುದು, ತಾಳದಲ್ಲಿ ನಿಲ್ಲುವುದು, ಸಾಮೂಹಿಕ ಶ್ರುತಿಗೆ ಕಿವಿ ಕೊಡುವುದು ಬದಲಾಗುವಂಥವಲ್ಲ. ಮಾಧ್ಯಮಿಕ ಶಾಲೆಯ ಬ್ಯಾಂಡ್ ನಿರ್ದೇಶಕರೆಲ್ಲರೂ ಬಲ್ಲ ಈ ಮಾತನ್ನು ಡಯೆಟ್ ಪ್ರೌಢಶಾಲೆಯ ತಡವಾದ ವಯಸ್ಸಿನ ಮಕ್ಕಳ ಮೇಲೆ ಪ್ರಯೋಗಿಸಿ ಗೆದ್ದರು.

ಮೆಟ್ಟಿಲುಗಳು ಮತ್ತು ಹಣದ ಮೂಲ

ಒಂದೇ ಬ್ಯಾಂಡ್ ಇದ್ದರೆ ಅದರಲ್ಲಿ ನಿಪುಣರಿಗೆ ಬೇಸರ, ಹೊಸಬರಿಗೆ ಭಯ. ಡುಸಾಬಲ್ ಶಾಲೆಯಲ್ಲಿ ಹೊಸಬರ ಹಂತದಿಂದ ಹಿಡಿದು ಕಛೇರಿ ಬ್ಯಾಂಡ್, ಪಥಸಂಚಲನದ ಬ್ಯಾಂಡ್, ಜಾಝ್ ನುಡಿಸುವ ನೃತ್ಯ ಬ್ಯಾಂಡ್ ಹೀಗೆ ಹಂತ ಹಂತವಾದ ತಂಡಗಳಿದ್ದವು. ಬಹಳಷ್ಟು ಶಾಲೆಗಳಲ್ಲಿ ಜಾಝ್ ಎಂದರೆ ಕೀಳು ಸಂಗೀತ ಎಂಬ ಭಾವನೆಯಿದ್ದ ಕಾಲದಲ್ಲಿ ಅದನ್ನು ಶಾಲೆಯ ಒಳಗೆ ತಂದು, ಶಾಸ್ತ್ರೀಯ ಕೃತಿಗಳಿಗೆ ಕೇಳುವಷ್ಟೇ ಶುದ್ಧ ಸ್ವರವನ್ನು ಅದಕ್ಕೂ ಕೇಳಿದ್ದು ಡಯೆಟ್ ಅವರ ದೊಡ್ಡ ಹೆಜ್ಜೆ. ವೇದಿಕೆಯ ಮೇಲೆ ಹಣ ಗಳಿಸುವ ಮಟ್ಟಕ್ಕೆ ಬಂದ ಹುಡುಗರ ತಂಡ ‘ಡುಸಾಬಲೈಟ್ಸ್’ ಎಂಬ ಹೆಸರಿನಲ್ಲಿ ಹೊರಗೂ ನುಡಿಸುತ್ತಿತ್ತು. ಆಗ ಶಿಕಾಗೋದಲ್ಲಿ ಸಂಗೀತಗಾರರ ಒಕ್ಕೂಟವೂ ಬಣ್ಣದ ಆಧಾರದ ಮೇಲೆ ಎರಡಾಗಿತ್ತು. ಕಪ್ಪು ಸಂಗೀತಗಾರರ 208ನೆಯ ಘಟಕ ಬಿಳಿಯರ ಘಟಕದೊಂದಿಗೆ ಒಂದಾದದ್ದು 1966ರಲ್ಲಿ. ಶಾಲೆಯ ಬ್ಯಾಂಡ್ ಕೋಣೆಯಿಂದ ಆ ಒಕ್ಕೂಟಕ್ಕೆ, ಅಲ್ಲಿಂದ ಕ್ಲಬ್ಬುಗಳಿಗೆ ಹೋಗುವ ದಾರಿ ತುಂಬಾ ಹತ್ತಿರದ್ದಾಗಿತ್ತು.

ಹಣಕ್ಕೆ ಡಯೆಟ್ ಕಂಡುಕೊಂಡ ದಾರಿ ‘ಹೈ ಜಿಂಕ್ಸ್’ ಎಂಬ ವಾರ್ಷಿಕ ಪ್ರದರ್ಶನ. ಹಾಡು, ಕುಣಿತ, ನಗೆನಾಟಕ, ವಾದ್ಯಗೋಷ್ಠಿ ಎಲ್ಲವೂ ವಿದ್ಯಾರ್ಥಿಗಳದ್ದೇ. ಟಿಕೆಟ್ ಮಾರಿ ಬಂದ ಹಣ ಸಂಗೀತ ವಿಭಾಗದ ಅಗತ್ಯಗಳಿಗೆ ಸಲ್ಲುತ್ತಿತ್ತು. ಊರಿನವರ ಪಾಲಿಗೆ ಇದು ಕಾದು ನೋಡುವ ಹಬ್ಬವಾಯಿತು. ಇದನ್ನು ಕೇವಲ ನಿಧಿಸಂಗ್ರಹವೆಂದು ನೋಡಿದರೆ ಅರ್ಧ ಮಾತ್ರ ತಿಳಿದಂತೆ. ಗಾಯಕಿಯ ಉಸಿರಿಗೆ ಹೊಂದಿಕೊಂಡು ವೇಗ ಬದಲಿಸುವುದು, ನರ್ತಕರು ಹೆಜ್ಜೆ ತಪ್ಪಿದಾಗ ನಾಲ್ಕು ಮಾತ್ರೆ ಹೆಚ್ಚಿಗೆ ನುಡಿಸಿ ಸರಿದೂಗಿಸುವುದು, ಪರದೆ ಏಳದಿದ್ದರೆ ಮತ್ತೊಮ್ಮೆ ಆರಂಭಕ್ಕೆ ಹೋಗುವುದು, ಇವೆಲ್ಲ ಥಿಯೇಟರಿನ ವಾದ್ಯವೃಂದದಲ್ಲಿ ದುಡಿದವರಿಗೆ ಮಾತ್ರ ಬರುವ ಪಾಠಗಳು. ವೆಂಡೋಮ್ ಥಿಯೇಟರ್ ಕಾಲದ ತಮ್ಮ ಅನುಭವವನ್ನು ಮಕ್ಕಳಿಗೆ ದಾಟಿಸಲು ಡಯೆಟ್ ಅವರಿಗೆ ಇದಕ್ಕಿಂತ ಒಳ್ಳೆಯ ತರಗತಿ ಸಿಗುತ್ತಿರಲಿಲ್ಲ.

ಆದರೂ ಇಲ್ಲೊಂದು ಆಕ್ಷೇಪವನ್ನು ದಾಖಲಿಸಲೇಬೇಕು. ಸರ್ಕಾರಿ ಶಾಲೆಯ ಮಗುವಿಗೆ ವಾದ್ಯ ಒದಗಿಸುವುದು ಶಿಕ್ಷಣ ಮಂಡಳಿಯ ಕರ್ತವ್ಯ. ಆ ಕರ್ತವ್ಯವನ್ನು ಬಡ ಬಡಾವಣೆಯ ಜನ ಟಿಕೆಟ್ ಕೊಂಡು ನೆರವೇರಿಸಬೇಕಾಗಿ ಬಂದದ್ದನ್ನು ಸಮುದಾಯದ ಔದಾರ್ಯವೆಂದು ಹೊಗಳಿ ಮುಂದೆ ಹೋಗುವುದು ಸರಿಯಲ್ಲ. ಇಂದಿಗೂ ಅಮೆರಿಕದ ಎಷ್ಟೋ ಬ್ಯಾಂಡ್ ನಿರ್ದೇಶಕರು ಬೋಧನೆಗೆ ಕೊಡಬೇಕಾದ ಸಂಜೆಗಳನ್ನು ಚಾಕೊಲೇಟ್ ಮಾರುವುದಕ್ಕೂ ಕಾರು ತೊಳೆಯುವ ಶಿಬಿರ ನಡೆಸುವುದಕ್ಕೂ ಕೊಡುತ್ತಿದ್ದಾರೆ.

ಶಿಸ್ತಿನ ಪ್ರಶ್ನೆ

ಡಯೆಟ್ ಕಠಿಣ ಮನುಷ್ಯ. ಇದರ ಬಗ್ಗೆ ಅವರ ಶಿಷ್ಯರಲ್ಲಿ ಎರಡು ಮಾತಿಲ್ಲ. ಒಂದು ಕಣ್ಣು ಕಳೆದುಕೊಂಡಿದ್ದ ಅವರು ಉಳಿದ ಒಂದೇ ಕಣ್ಣಿನಿಂದ ಇಡೀ ತಂಡವನ್ನು ನಡುಗಿಸುತ್ತಿದ್ದರೆಂದು ಹಲವರು ನೆನಪಿಸಿಕೊಂಡಿದ್ದಾರೆ. ಅಷ್ಟು ದೊಡ್ಡ ತಂಡದಲ್ಲಿ ತಪ್ಪು ಸ್ವರ ಯಾರಿಂದ ಬಂತೆಂದು ಅವರ ಕಿವಿ ಪತ್ತೆ ಹಚ್ಚುತ್ತಿತ್ತು. ತಡವಾಗಿ ಬಂದವರನ್ನು, ಅಭ್ಯಾಸ ಮಾಡದೆ ಬಂದವರನ್ನು ಬ್ಯಾಂಡಿನಿಂದ ಹೊರಗೆ ಕಳುಹಿಸುತ್ತಿದ್ದರು. ಹೀಗೆ ಹೊರಹಾಕಿಸಿಕೊಂಡವರು ಮತ್ತೆ ಯೋಗ್ಯತೆ ತೋರಿಸಿ ಒಳಗೆ ಬರಬಹುದಾಗಿತ್ತು.

ಈ ಕಾಠಿಣ್ಯವನ್ನು ಇಂದಿನ ಶಿಕ್ಷಕರು ಅನುಕರಿಸಬೇಕೆಂದು ನಾನು ಹೇಳಲಾರೆ. ಭಯದಿಂದ ಕಲಿತವರ ನೆನಪುಗಳು ನಮಗೆ ಸಿಗುತ್ತವೆ, ಏಕೆಂದರೆ ಅವರು ಮುಂದೆ ಹೆಸರಾದರು, ಅವರನ್ನು ಸಂದರ್ಶಿಸಲಾಯಿತು. ಭಯದಿಂದ ವಾದ್ಯವನ್ನು ಶಾಶ್ವತವಾಗಿ ಕೆಳಗಿಟ್ಟವರನ್ನು ಯಾರೂ ಸಂದರ್ಶಿಸಲಿಲ್ಲ. ಹಾಗೆಂದು ಆ ಶಿಸ್ತನ್ನು ಅದರ ಕಾಲದಿಂದ ಕಿತ್ತು ತೂಗುವುದೂ ನ್ಯಾಯವಲ್ಲ. ಬಿಳಿಯ ಸಂಗೀತಗಾರನ ಸಣ್ಣ ತಪ್ಪಿಗೆ ಕ್ಷಮೆ ಇದ್ದ ಊರಿನಲ್ಲಿ ಕಪ್ಪು ಹುಡುಗನಿಗೆ ಆ ಕ್ಷಮೆ ಇರಲಿಲ್ಲ. ಅವನು ಬಾಗಿಲೊಳಗೆ ಕಾಲಿಡಬೇಕಾದರೆ ಎರಡು ಪಟ್ಟು ಸಿದ್ಧನಾಗಿರಬೇಕಿತ್ತು. ಅವರ ಗದರಿಕೆಯಲ್ಲಿ ಈ ಅರಿವು ಇತ್ತೆಂದು ನಂಬುವುದಕ್ಕೆ ಸಾಕಷ್ಟು ಆಧಾರ ಅವರು ಬದುಕಿದ ಪರಿಸರದಲ್ಲಿಯೇ ಇದೆ. ಹೊರಹಾಕಿದ ಮಗು ಹಿಂದಿರುಗಲು ಬಾಗಿಲು ತೆರೆದಿದ್ದದ್ದು ಆ ಶಿಸ್ತಿನ ಉಳಿಸಿಕೊಳ್ಳಬೇಕಾದ ಭಾಗ.

ಫಲಿತಾಂಶವನ್ನು ಅಳೆಯುವುದು ಹೇಗೆ

ಹೆಸರುಗಳ ವಿಷಯಕ್ಕೆ ಬರೋಣ. ಫಿಲಿಪ್ಸ್ ಶಾಲೆಯ ದಿನಗಳಲ್ಲಿ ನ್ಯಾಟ್ ಕಿಂಗ್ ಕೋಲ್. ಡುಸಾಬಲ್‌ನಲ್ಲಿ ಆಮನ್ಸ್, ಗ್ರಿಫಿನ್, ವಾನ್ ಫ್ರೀಮನ್, ಪಿಯಾನೋ ವಾದಕಿ ಡೊರೊಥಿ ಡೊನೆಗನ್, ಗಾಯಕ ಜಾನಿ ಹಾರ್ಟ್‌ಮನ್, ಕ್ಲಿಫರ್ಡ್ ಜಾರ್ಡನ್. ಸನ್ ರಾ ಅವರ ವಾದ್ಯವೃಂದಕ್ಕೆ ಹೋದ ಜಾನ್ ಗಿಲ್ಮೋರ್, ಪ್ಯಾಟ್ ಪ್ಯಾಟ್ರಿಕ್, ಜೂಲಿಯನ್ ಪ್ರೀಸ್ಟರ್. ಡೊನೆಗನ್ 1943ರಲ್ಲಿ ಶಿಕಾಗೋದ ಆರ್ಕೆಸ್ಟ್ರಾ ಹಾಲಿನಲ್ಲಿ ಕಛೇರಿ ಕೊಟ್ಟಾಗ ಆಕೆಗೆ ಇಪ್ಪತ್ತೊಂದು ತುಂಬಿರಲಿಲ್ಲ ಅಥವಾ ಆಗತಾನೇ ತುಂಬಿತ್ತು. ಒಂದು ಸರ್ಕಾರಿ ಶಾಲೆಯ ಒಂದೇ ಕೋಣೆಯಿಂದ ಇಷ್ಟು ಜನ ಬಂದದ್ದು ಅಸಾಧಾರಣ. ಲಾಸ್ ಏಂಜಲೀಸ್‌ನ ಜೆಫರ್ಸನ್ ಪ್ರೌಢಶಾಲೆಯಲ್ಲಿ ಸ್ಯಾಮ್ಯುಯೆಲ್ ಬ್ರೌನ್, ಬರ್ಮಿಂಗ್‌ಹ್ಯಾಮ್‌ನಲ್ಲಿ ಫೆಸ್ ವಾಟ್ಲಿ ಇಂಥದೇ ಕೆಲಸ ಮಾಡಿದರು. ಜಾಝ್ ಕಲಾವಿದರು ಬೀದಿಯಲ್ಲಿ ತಾವಾಗಿಯೇ ಕಲಿತರೆಂಬ ಜನಪ್ರಿಯ ಕಲ್ಪನೆಯನ್ನು ಈ ಮೂವರ ಕೆಲಸ ಒಡೆಯುತ್ತದೆ. ಅವರಲ್ಲಿ ಅನೇಕರು ಸರ್ಕಾರಿ ಸಂಬಳದ ಮೇಷ್ಟ್ರುಗಳಿಂದ, ಬೆಳಗಿನ ಪೀರಿಯಡ್ಡುಗಳಲ್ಲಿ ಕಲಿತವರು.

ಆದರೆ ಈ ಪಟ್ಟಿಯಲ್ಲಿ ಊದುವ ವಾದ್ಯ ಹಿಡಿದ ಹುಡುಗಿಯರ ಹೆಸರು ಕಾಣುವುದಿಲ್ಲ. ಸಂಗೀತವನ್ನು ವೃತ್ತಿಯಾಗಿಸಿಕೊಳ್ಳದೆ ಅಂಚೆ ಕಚೇರಿಗೋ ಕಾರ್ಖಾನೆಗೋ ಆಸ್ಪತ್ರೆಗೋ ಹೋದ ಬಹುಸಂಖ್ಯಾತ ಮಕ್ಕಳ ಹೆಸರೂ ಇಲ್ಲ. ಶಿಕ್ಷಕರಾದ ಶಿಷ್ಯರ ಬಗ್ಗೆಯೂ ಮಾತು ಕಡಿಮೆ. ನನ್ನ ಲೆಕ್ಕದಲ್ಲಿ ಈ ಪ್ರಕರಣದ ಅತ್ಯಂತ ಬೆಲೆಯುಳ್ಳ ಸಾಕ್ಷಿಗಳು ಇವರೇ. ಜೆಂಕಿನ್ಸ್ ಅಲಬಾಮದ ಮೊಬೀಲ್ ನಗರದ ಶಾಲೆಗಳಲ್ಲಿ, ಆಮೇಲೆ ಶಿಕಾಗೋದಲ್ಲಿ ಮಕ್ಕಳಿಗೆ ಸಂಗೀತ ಕಲಿಸಿದರು. ತಮ್ಮ ಮೇಷ್ಟ್ರು ಓದಿದ್ದ ವ್ಯಾಂಡರ್‌ಕುಕ್‌ನಲ್ಲಿಯೇ ಓದಿದ ಡೇವಿಸ್, ಸಾರಾ ವಾನ್ ಅವರಿಂದ ಹಿಡಿದು ಸ್ಟ್ರಾವಿನ್ಸ್ಕಿಯವರೆಗೆ ಎಲ್ಲರೊಂದಿಗೂ ನುಡಿಸಿದ ಮೇಲೆ, 1977ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕೇಂದ್ರಕ್ಕೆ ಪ್ರಾಧ್ಯಾಪಕರಾಗಿ ಹೋಗಿ ಸುಮಾರು ನಾಲ್ಕು ದಶಕ ಅಲ್ಲಿ ಕಲಿಸಿದರು. ನಾಚಿಕೆಯಿಂದ ಹಿಂದಿನ ಸಾಲು ಹುಡುಕಿದ ಹುಡುಗ ಜೀವನದ ದೊಡ್ಡ ಭಾಗವನ್ನು ತರಗತಿಯ ಮುಂದೆ ನಿಂತು ಕಳೆದರು.

ಡಯೆಟ್ ಹೆಸರಿನ ಶಾಲೆ

ಡಯೆಟ್ 1969ರ ನವೆಂಬರಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಕೆಲಸಕ್ಕೆ ನೆಲೆಯಾಗಿದ್ದ ಊರೇ ಬದಲಾಗಿತ್ತು. ವಸತಿ ಕರಾರುಗಳು ಬಿದ್ದ ಮೇಲೆ ಅನುಕೂಲಸ್ಥ ಕುಟುಂಬಗಳು ಬೇರೆಡೆಗೆ ಹೋದವು. ಸ್ಟೇಟ್ ಬೀದಿಯುದ್ದಕ್ಕೂ ಹದಿನಾರು ಮಹಡಿಗಳ 28 ಕಟ್ಟಡಗಳ ರಾಬರ್ಟ್ ಟೇಲರ್ ವಸತಿ ಸಮುಚ್ಚಯ 1962ರಲ್ಲಿ ಪೂರ್ಣಗೊಂಡು ಬಡತನ ಒಂದೆಡೆ ದಟ್ಟವಾಯಿತು. 47ನೆಯ ಬೀದಿಯ ರಂಗಮಂದಿರಗಳು ಮಂಕಾದವು. ಮೂರು ದಶಕ ಒಬ್ಬ ವ್ಯಕ್ತಿಯ ಸುತ್ತ ನಿಂತ ವ್ಯವಸ್ಥೆ ಆ ವ್ಯಕ್ತಿಯ ನಂತರ ಅದೇ ಎತ್ತರದಲ್ಲಿ ಉಳಿಯಲಿಲ್ಲ. ಇದನ್ನು ಅವರ ದೋಷವೆಂದು ನಾನು ಎಣಿಸುವುದಿಲ್ಲ; ಪ್ರಾಥಮಿಕ ಹಂತದಿಂದ ವಾದ್ಯಗಳನ್ನೂ ಶಿಕ್ಷಕರನ್ನೂ ಒದಗಿಸಬೇಕಾಗಿದ್ದ ಸಂಸ್ಥೆ ಅದನ್ನು ಮಾಡದೆ ಒಬ್ಬರ ದುಡಿಮೆಯ ಮೇಲೆ ಭಾರ ಹಾಕಿ ಕುಳಿತದ್ದರ ಪರಿಣಾಮ ಅದು.

1972ರಲ್ಲಿ ವಾಷಿಂಗ್ಟನ್ ಪಾರ್ಕ್‌ನಲ್ಲಿ ಅವರ ಹೆಸರಿನ ಶಾಲೆ ತೆರೆಯಿತು, ಅದು ಮಾಧ್ಯಮಿಕ ಶಾಲೆಯಾಗಿತ್ತು. 1999ರಲ್ಲಿ ಅದನ್ನು ಪ್ರೌಢಶಾಲೆಯಾಗಿ ಪರಿವರ್ತಿಸಲಾಯಿತು. 2012ರಲ್ಲಿ ಹಂತ ಹಂತವಾಗಿ ಮುಚ್ಚುವ ತೀರ್ಮಾನವಾಗಿ, 2015ರಲ್ಲಿ ಕೊನೆಯ ತಂಡದ ವಿದ್ಯಾರ್ಥಿಗಳು ಹೊರಬಂದರು. ಅದೇ ಆಗಸ್ಟಿನಲ್ಲಿ ಬ್ರಾಂಜ್‌ವಿಲ್‌ನ ಪೋಷಕರೂ ಹಿರಿಯರೂ ಸೇರಿ ಹನ್ನೆರಡು ಮಂದಿ ಶಾಲೆಯ ಉಳಿವಿಗಾಗಿ ಉಪವಾಸ ಕುಳಿತರು. ತಮ್ಮ ಬಡಾವಣೆಯ ಯಾವ ಮಗುವಾದರೂ ಪ್ರವೇಶ ಪರೀಕ್ಷೆಯಿಲ್ಲದೆ ಸೇರಬಹುದಾದ ಸರ್ಕಾರಿ ಶಾಲೆ ಬೇಕು, ಅದರಲ್ಲಿ ಹಸಿರು ತಂತ್ರಜ್ಞಾನ ಮತ್ತು ನಾಯಕತ್ವದ ಶಿಕ್ಷಣವಿರಬೇಕು ಎಂಬುದು ಅವರ ಬೇಡಿಕೆ. ಉಪವಾಸದ ನಡುವೆಯೇ, ಸೆಪ್ಟೆಂಬರಿನಲ್ಲಿ, ಶಾಲೆಯನ್ನು ಎಲ್ಲರಿಗೂ ಮುಕ್ತವಾದ ಕಲಾ ಶಾಲೆಯಾಗಿ ಮತ್ತೆ ತೆರೆಯುವುದಾಗಿ ನಗರದ ಶಿಕ್ಷಣಾಡಳಿತ ಘೋಷಿಸಿತು. ತಮ್ಮ ಯೋಜನೆಯನ್ನು ಒಪ್ಪದೆ ಹೊರಟ ಈ ಘೋಷಣೆಯಿಂದ ಸತ್ಯಾಗ್ರಹಿಗಳಿಗೆ ತೃಪ್ತಿಯಾಗಲಿಲ್ಲ. ಅವರು 34ನೆಯ ದಿನದವರೆಗೆ ಉಪವಾಸ ಮುಂದುವರಿಸಿದರು. 2016ರಲ್ಲಿ ಶಾಲೆ ತೆರೆದಾಗ ನೆರೆಹೊರೆಯ ಮಕ್ಕಳು ಯಾವ ಆಡಿಷನ್ನೂ ಇಲ್ಲದೆ ಅದರೊಳಗೆ ಬಂದರು, ಕಲಿಯಲು ಸಂಗೀತವೂ ಇತ್ತು.